ಕಾಲು ಒಪ್ಪದ ಹೊಳೆ

ಮರಿಯಾನೆ ಚಿಗುರಿ ನೀರಿನ ಬಣ್ಣ ನೋಡಿಯೇ ಹೊಳೆಯ ಆಳ ಹೇಳುತ್ತಿದ್ದಳು. ಕಾಡ್ಗಿಚ್ಚು ಅಟ್ಟಿಸಿಕೊಂಡು ಬಂದ ದಿನ ಗುಂಪು ಅವಳನ್ನೇ ಮುಂದೆ ಬಿಟ್ಟಿತು. ಎದುರಿನ ಹೊಳೆಯಲ್ಲಿ ನೀರು ಮೊಣಕಾಲುದ್ದ, ತಳ ಗಟ್ಟಿ. ಆದರೂ ಅವಳ ಕಾಲು ಮುಂದಕ್ಕೆ ಹೋಗಲು ಒಪ್ಪಲಿಲ್ಲ.

"ಇಳಿ ಮಗಳೇ, ಬೆಂಕಿ ಹತ್ತಿರ ಬಂತು," ಎಂದಳು ಗುಂಪಿನ ಹಿರಿಯಾನೆ ದೊಡ್ಡಮ್ಮ.

"ಬೇಡ ದೊಡ್ಡಮ್ಮ. ಪಕ್ಕದ ಬೋಳುಬಂಡೆ ಹತ್ತೋಣ."

"ಅಲ್ಲಿ ಹೊಗೆಗೆ ಸಿಕ್ಕಿ ಸಾಯುತ್ತೇವೆ. ಕಾರಣ ಹೇಳು."

"ಕಾರಣ ಗೊತ್ತಿಲ್ಲ. ಇಳಿಯಬೇಡಿ, ಅಷ್ಟೇ."

ಚಿಗುರಿ ಬಂಡೆಯತ್ತ ತಿರುಗಿದಳು. ಗುಂಪು ಬೈಯುತ್ತಲೇ ಹಿಂಬಾಲಿಸಿತು. ಕೊನೆಯ ಆನೆ ಮೇಲೇರುವಷ್ಟರಲ್ಲಿ, ದೂರದ ಬೆಟ್ಟದಲ್ಲಿ ಸುರಿದ ಮಳೆಯ ಕೆನ್ನೀರು ಮರಗಳನ್ನು ಉರುಳಿಸಿಕೊಂಡು ಹೊಳೆಯಲ್ಲಿ ನುಗ್ಗಿತು. ಬೆಂಕಿಯೂ ಸುಡಲು ಏನೂ ಸಿಗದೆ ಬಂಡೆಯ ಬುಡಕ್ಕೆ ಬಂದು ಆರಿತು; ಹೊಗೆಯನ್ನು ಗಾಳಿ ಆಚೆ ಒಯ್ದಿತು.

"ನಿನ್ನ ಲೆಕ್ಕ ತಪ್ಪಿತ್ತಾ?" ದೊಡ್ಡಮ್ಮ ಕೇಳಿದಳು.

ಚಿಗುರಿ ಕೆಳಗಿನ ಕೆನ್ನೀರಿನಿಂದ ಕಣ್ಣು ತೆಗೆಯಲಿಲ್ಲ. "ಇಲ್ಲ ದೊಡ್ಡಮ್ಮ, ಸರಿಯಾಗಿಯೇ ಇತ್ತು. ಆದರೂ ಕಾಲು ಒಪ್ಪಲಿಲ್ಲ. ಅದಕ್ಕೇ ಅಷ್ಟು ಭಯವಾಗಿದ್ದು."