ಷೇರು ಮಾರಲು ಹೊರಟವಳು

ಬಣ್ಣದ ಕಾರ್ಖಾನೆಯ ನೀಲಗಂಗಾ ಆಶ್ರಮಕ್ಕೆ ಬಂದಾಗ ಗುರು ಮರುಳಯ್ಯ ತೊಂಡೆಬಳ್ಳಿಗೆ ಚಪ್ಪರ ಕಟ್ಟುತ್ತಿದ್ದರು. ಆಕೆ ಕೂರಲಿಲ್ಲ. ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡಿದಳು.

“ನನ್ನ ಷೇರುಗಳನ್ನೆಲ್ಲ ಮಾರಿ ಇಲ್ಲಿಗೇ ಬಂದುಬಿಡುತ್ತೇನೆ, ಗುರುಗಳೇ.”

“ಏನಾಯಿತು?”

ಅಪ್ಪ ಇರುವವರೆಗೆ ಕಾರ್ಖಾನೆ ಮನೆಯವರದಾಗಿತ್ತು. ಬಣ್ಣದ ನೀರನ್ನು ಶುದ್ಧ ಮಾಡಿಯೇ ಹೊಳೆಗೆ ಬಿಡುತ್ತಿದ್ದರು. ಅಪ್ಪ ಹೋದ ಮೇಲೆ ತಮ್ಮಂದಿರು ತಮ್ಮ ಪಾಲು ಮಾರಿಕೊಂಡರು. ಈಗ ಹೆಚ್ಚಿನ ಪಾಲು ದೂರದ ಊರಿನ ಹೂಡಿಕೆದಾರರ ಕೈಯಲ್ಲಿತ್ತು. ಶುದ್ಧೀಕರಣ ಘಟಕ ನಿಲ್ಲಿಸಿದರೆ ಲಾಭ ಏರುತ್ತದೆ ಎಂದರು ಅವರು. ಸಭೆಯಲ್ಲಿ ಬೇಡವೆಂದವಳು ನೀಲಗಂಗಾ ಒಬ್ಬಳೇ.

ಘಟಕ ನಿಂತು ಮೂರು ತಿಂಗಳಾಗಿತ್ತು. ಅವರು ಹೇಳಿದಂತೆಯೇ ಲಾಭ ಏರಿತು. ಷೇರಿನ ಬೆಲೆಯೂ ಏರಿತು.

“ಸೋತುಹೋದೆ. ಮಾರಿಬಿಟ್ಟರೆ ಆ ಪಾಪ ನನಗೆ ಅಂಟುವುದಿಲ್ಲವಲ್ಲ?”

ಮರುಳಯ್ಯ ಕೈಯ ಹುರಿ ಕೆಳಗಿಟ್ಟರು. “ಬಾ, ಹೊಳೆಗೆ ಹೋಗಿಬರೋಣ.”

ಕಾರ್ಖಾನೆಯನ್ನು ದಾಟಿ, ಹೊಳೆ ಹರಿಯುವ ದಿಕ್ಕಿನಲ್ಲೇ ನಡೆದರು. ನೀರು ನೇರಳೆ ಬಣ್ಣಕ್ಕೆ ತಿರುಗಿತ್ತು. ದಂಡೆಯ ಮರಳಿನಲ್ಲಿ ಗುಂಡಿ ತೋಡಿ, ಒಸರುವ ನೀರನ್ನು ಒಬ್ಬ ಹೆಂಗಸು ತಂಬಿಗೆಯಿಂದ ಕೊಡಕ್ಕೆ ತುಂಬುತ್ತಿದ್ದಳು.

“ಆರಾಮಿದ್ದೀಯಾ, ಹೊನ್ನವ್ವ?” ಎಂದರು ಗುರು.

“ಎಲ್ಲಿ ಆರಾಮ್ರಿ.” ನೀಲಗಂಗಾ ನೀರಿನತ್ತ ಹೆಜ್ಜೆ ಇಟ್ಟದ್ದನ್ನು ಕಂಡು ಹೊನ್ನವ್ವ ಕೈ ಎತ್ತಿದಳು. “ಇಳೀಬ್ಯಾಡ್ರಿ ಅಕ್ಕಾರ, ಮೈಯೆಲ್ಲ ತುರಸ್ತದ.” ಅವಳ ಮೊಣಕೈವರೆಗೆ ಚರ್ಮ ಸುಲಿದಿತ್ತು. “ನಿಮಗ ಕಂಪನಿಯೊಳಗ ಯಾರರ ಗೊತ್ತದಾರೇನ್ರಿ? ಒಂದು ಮಾತು ಹೇಳ್ರಿ.”

“ಯಾರೂ ಗೊತ್ತಿಲ್ಲ” ಎಂದಳು ನೀಲಗಂಗಾ.

ವಾಪಸು ಬರುವಾಗ ಆಕೆ ಗುರುವನ್ನು ಹಿಂದೆ ಬಿಟ್ಟು ದಾಪುಗಾಲು ಹಾಕಿದಳು. ಆಶ್ರಮದ ದಾರಿ ಕವಲೊಡೆಯುವಲ್ಲಿ ನಿಂತಳು. ಅವರು ನಿಧಾನವಾಗಿ ಬಂದು ಸೇರಿದರು.

“ನಾನು ಸುಳ್ಳು ಹೇಳಿದೆ.”

“ಕೇಳಿಸಿತು.”

“ಅದಕ್ಕೇ ಮಾರುತ್ತೇನೆ ಅಂದದ್ದು. ಮಾರಿದ ಮೇಲೆ ಅದು ಸುಳ್ಳಾಗಿರುವುದಿಲ್ಲ.”

“ಕೊಳ್ಳುವವರು ಯಾರು?”

“ಬೆಲೆ ನೋಡಿ ಕೊಳ್ಳುವವರು. ಈ ಹೊಳೆ ಎಲ್ಲಿದೆ ಅಂತಲೂ ಅವರಿಗೆ ಗೊತ್ತಿರುವುದಿಲ್ಲ.”

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ಮುಂದಿನ ಸಭೆ ಯಾವಾಗ?”

“ಸೋಮವಾರ. ಹೋಗಿಯೂ ಏನು ಮಾಡಲಿ? ಮತ್ತೆ ಸೋಲುತ್ತೇನೆ.”

“ಸೋಲು” ಎಂದರು ಮರುಳಯ್ಯ. “ಹೊನ್ನವ್ವನ ಹೆಸರು ಹೇಳಿ ಸೋಲು.”