ಎರಡು ಊರಿನ ತಿಪ್ಪವ್ವ

ಹೊಳೆದಂಡೆಯ ಆಶ್ರಮದಲ್ಲಿ ಒಂದು ಬೀಜದ ಕಣಜವಿತ್ತು. ಅದರ ಲೆಕ್ಕಕ್ಕೆ ಕಂಪ್ಯೂಟರ್ ಬಂದ ಮೇಲೆ ಶಿಷ್ಯ ಬಸವಂತನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಒಂದು ಬೆಳಿಗ್ಗೆ ಅವನು ಗುರು ಅಡವಯ್ಯನವರ ಬಳಿ ಓಡಿಬಂದ.

"ಗುರುಗಳೇ, ಬೀಜ ಕೊಡೋ ತಿಪ್ಪವ್ವ ಈ ಯುಗಾದಿಗೆ ಕರೀ ಎರೆ ಮಣ್ಣಿನ ಸೀಮಿ ಬಿಟ್ಟು, ಕೆಂಪು ಮಸಾರಿ ಮಣ್ಣಿನ ಸೀಮಿಗೆ, ಮಗಳ ಊರಿಗೆ ಹೋದ್ಲಂತ. ಕಂಪ್ಯೂಟರಿನಾಗ ಆಕಿ ಹಳೇ ಊರು ಅಳಿಸಿ ಹೊಸಾದು ಹಾಕಿದೆ. ಒಂದು ಕಡೆ ತಿದ್ದಿದ್ದಕ್ಕ ಆಕಿ ಕೊಟ್ಟ ಎಲ್ಲಾ ಚೀಲಕ್ಕೂ ಹೊಸ ಊರು ತಾನಾ ಬಂತು!"

"ಭಾಳ ಶಾಣ್ಯಾ ಅದಿ," ಎಂದರು ಗುರುಗಳು.

ಅಷ್ಟರಲ್ಲಿ ಕೆಂಚವ್ವ ಬಂದಳು. ಅವಳಿಗಿದ್ದದ್ದು ಒಂದೇ ತುಂಡು ಕೆಂಪು ನೆಲ.

"ಮಸಾರಿಗೆ ಒಗ್ಗೋ ಜೋಳದ ಬೀಜ ಕೊಡ್ರಿ ಯಪ್ಪಾ. ಈ ಸಲ ಬಿತ್ತಿದ್ದು ಏಳಲಿಲ್ಲಂದ್ರ ಮನಿಯಾಗ ರೊಟ್ಟಿ ಇಲ್ಲ."

ಬಸವಂತ ಗುಂಡಿ ಒತ್ತಿದ. ಪರದೆಯ ಮೇಲೆ ತಿಪ್ಪವ್ವನ ಹೆಸರು, ಮಸಾರಿ ಊರು. ಅವನು ಹಿಗ್ಗುತ್ತ ಚೀಲ ಹೊತ್ತು ತಂದು ಕೆಂಚವ್ವನ ಮೊರಕ್ಕೆ ಸುರಿದ.

ಗುರುಗಳು ಬೀಜದ ನಡುವಿನಿಂದ ಒಂದು ಸಣ್ಣ ಹೆಂಟೆ ಹೆಕ್ಕಿ ಅವನ ಅಂಗೈಯಲ್ಲಿಟ್ಟರು. ಕಪ್ಪು ಮಣ್ಣು.

"ಕೆಂಪು ನೆಲದಾಗ ಇದು ಎಲ್ಲಿಂದ ಬಂತೋ?"

ಬಸವಂತ ಚೀಲದ ಚೀಟಿ ತಿರುಗಿಸಿ ನೋಡಿದ. ಅದು ಹೋದ ವರ್ಷದ ಚೀಲ, ತಿಪ್ಪವ್ವ ಇನ್ನೂ ಎರೆ ಹೊಲದಲ್ಲಿದ್ದಾಗ ಬೆಳೆದದ್ದು.

"ಇದನ್ನ ಬಿತ್ತಿದ್ದರ ನೀನಾ ಬಂದು ನಮ್ಮನಿಗೆ ರೊಟ್ಟಿ ಬಡೀಬೇಕಿತ್ತು!" ಎಂದು ಕೆಂಚವ್ವ ನಕ್ಕಳು. ನಗುತ್ತಲೇ ಮೊರದ ಬೀಜವನ್ನೆಲ್ಲ ಚೀಲಕ್ಕೆ ತಿರುಗಿ ಸುರಿದಳು.

ಗುರುಗಳು ಕೇಳಿದರು: "ತಿಪ್ಪವ್ವ ಊರು ಬಿಟ್ಟಾಳ. ಆಕಿ ಆಗ ಕೊಟ್ಟ ಬೀಜನೂ ಊರು ಬಿಟ್ಟೈತೇನು?"

ಬಸವಂತ ಕಂಪ್ಯೂಟರ್ ಮುಂದೆ ಕೂತು ಹಳೇ ಊರನ್ನು ಮತ್ತೆ ಬರೆದ, ಪಕ್ಕದಲ್ಲಿ 'ಯುಗಾದಿಯವರೆಗೆ' ಎಂದು ಸೇರಿಸಿದ. ಕೆಳಗೆ ತಿಪ್ಪವ್ವನಿಗೇ ಇನ್ನೊಂದು ಸಾಲು ಕೊಟ್ಟ: ಹೊಸ ಊರು, 'ಯುಗಾದಿಯಿಂದ'. ಹಳೇ ಚೀಲಗಳು ಮೇಲಿನ ಸಾಲಿಗೇ ಉಳಿದವು. ಆಮೇಲೆ ನಿಜವಾದ ಮಸಾರಿ ಚೀಲವೊಂದನ್ನು ಹುಡುಕಿ ಕೆಂಚವ್ವನ ತಲೆಗೆ ಹೊರಿಸಿ ಕಳಿಸಿದ.

"ಇನ್ನ ಮ್ಯಾಲೆ ಏನೂ ಅಳಿಸೂದಿಲ್ರಿ," ಎಂದ. "ಆದ್ರ ನಮ್ಮ ಆಶ್ರಮ ಹೊಳಿ ಆಚೀ ದಂಡಿಗೈತಿ ಅಂತ ತಪ್ಪು ಬರದೀನಿ. ಅದೂ ಇರಲೇನ್ರಿ?"

"ಆಚೀ ದಂಡಿಗೆ ನಾವು ಯಾವಾಗರ ಇದ್ವೇನು? ಅದನ್ನ ಅಳಿಸು. ಎಂದೂ ಇಲ್ಲದ್ದನ್ನ ಅಳಿಸು, ಇದ್ದದ್ದನ್ನ ಅಳಿಸಬ್ಯಾಡ."

ಬಸವಂತ ತಲೆ ಕೆರೆದುಕೊಂಡ. "ಇವತ್ತಿನ ನನ್ನ ಪೆದ್ದತನ ಒಂದನ್ನರ ನಿಮ್ಮ ಮನಸಿನಿಂದ ಅಳಿಸಿಬಿಡ್ರಿ."

ಗುರುಗಳು ನಕ್ಕರು.

"ಅಳಿಸಿದ್ರ, ನಾಳಿನ ನಿನ್ನ ಶಾಣ್ಯಾತನ ಎಲ್ಲಿಂದ ಬಂತು ಅಂತ ಹೆಂಗ ಹೇಳ್ಲೋ?"