ಗುಡ್ಡಪ್ಪನ ಕೆಮ್ಮು ಮತ್ತು ಎರಡನೇ ದಿಂಬು

ಒಂದಾನೊಂದು ಊರಿನಲ್ಲಿ, ನಮ್ಮೂರಲ್ಲ, ಸಮುದ್ರ ದಾಟಿ ಎರಡು ಬಸ್ಸು ಬದಲಿಸಿದರೆ ಸಿಗುವ ಊರಿನಲ್ಲಿ, ಒಬ್ಬ ರಾಜನಿದ್ದ. ಅವನ ಅರಮನೆ ಸೋರುತ್ತಿತ್ತು. ಅದಕ್ಕೆ ಮೇಲಿನ ಮಹಡಿಗಳನ್ನು ಅಗ್ಗದ ಹೋಟೆಲು ಮಾಡಿದ, ಕೆಳಗೆ ಕ್ಯಾಸಿನೊ ತೆರೆದ. ಸೋರುವುದೇನೂ ನಿಲ್ಲಲಿಲ್ಲ. ಹತ್ತಿರ ಬಂದು ಕೂತುಕೊಳ್ಳಿ. ಕತೆ ಚಿಕ್ಕದು, ನಂಬಲೇಬೇಕೆಂದಿಲ್ಲ.

ಆ ಹೋಟೆಲಿನ ಲಿಫ್ಟು ಮೇಲಕ್ಕೆ ಮಾತ್ರ ಹೋಗುತ್ತಿತ್ತು. ಕೆಳಗೆ ಹೇಗೆ ಬರುತ್ತಿತ್ತು ಎಂದು ಯಾರೂ ಕೇಳಿರಲಿಲ್ಲ. ಟವೆಲು ಒದ್ದೆಯಾಗಿಯೇ ಬರುತ್ತಿತ್ತು. ಕಿಟಕಿಯಿಲ್ಲ, ಗಡಿಯಾರವಿಲ್ಲ. ಹೊತ್ತೆಷ್ಟು ಎಂದು ಕೇಳಿದರೆ ರಿಸೆಪ್ಷನ್ನಿನವಳು, "ಬೆಳಗಿನ ಹತ್ತೂವರೆ" ಎನ್ನುತ್ತಿದ್ದಳು. ನಿನ್ನೆಯೂ ಅದೇ ಹತ್ತೂವರೆ.

ಅಲ್ಲಿಗೆ ರಾಣೆಬೆನ್ನೂರಿನ ಟೇಲರ್ ಗುಡ್ಡಪ್ಪ ತನ್ನ ಹೆಂಡತಿ ನೀಲವ್ವನ ಜೊತೆ ಬಂದ. ಮಿಕ್ಸಿ ಕೊಂಡಾಗ ಕೊಟ್ಟ ಕೂಪನ್ನಿಗೆ ಈ ಪ್ರವಾಸ ಬಹುಮಾನವಾಗಿ ಬಂದಿತ್ತು. ಪ್ರವಾಸ ಬರುವಷ್ಟರಲ್ಲಿ ಮಿಕ್ಸಿ ಕೆಟ್ಟಿತ್ತು.

ಕೋಣೆಯಲ್ಲಿ ಇದ್ದದ್ದು ಒಂದೇ ದಿಂಬು. ನೀಲವ್ವನಿಗೆ ಕುತ್ತಿಗೆ ನೋವು. ಅವಳು ದಿಂಬನ್ನು ಗಂಡನ ಕಡೆ ಸರಿಸಿದಳು. ಗುಡ್ಡಪ್ಪ ಅವಳ ಕಡೆ ಸರಿಸಿದ. ಅವಳು ಮತ್ತೆ ಸರಿಸಿದಳು. ಹದಿನೇಳು ಸಲ ಹೀಗೆ ಆದಮೇಲೆ ದಿಂಬೇ ಬಾಯಿಬಿಟ್ಟಿತು.

"ನನಗೆ ತಲೆ ಸುತ್ತುತ್ತಿದೆ. ಇನ್ನೊಂದು ದಿಂಬು ತನ್ನಿ."

"ಎಲ್ಲಿ ಸಿಗತೈತಿ?" ಎಂದ ಗುಡ್ಡಪ್ಪ.

"ಕೆಳಗೆ. ಆದರೆ ಗೆಲ್ಲಬೇಕು."

ಗುಡ್ಡಪ್ಪ ಎದ್ದ. ನೀಲವ್ವ ಬಾಗಿಲ ತನಕ ಬಂದಳು.

"ಪರದೇಶ ಐತ್ರಿ ಇದು. ನಿಮ್ಮ ಕೆಮ್ಮು ಕೇಳಿದ್ರ ಅಷ್ಟ ಬಾಗಲಾ ತಗೀತೀನಿ. ಮಾತು ಅಂದ್ರ ಮಾತು."

ಗುಡ್ಡಪ್ಪ ಮದುವೆಯಾದಂದಿನಿಂದ ತನ್ನ ಮನೆಯ ಬಾಗಿಲು ಬಡಿದವನಲ್ಲ. ಚಪ್ಪಲಿ ಬಿಡುವ ಮೊದಲು ಕೆಮ್ಮುತ್ತಿದ್ದ. ಎರಡು ಸಣ್ಣ, ಒಂದು ಉದ್ದ. ಒಳಗೆ ಚಿಲಕ ಸರಿಯುತ್ತಿತ್ತು. ಬಂದೆ ಎಂದು ಅವನು ಹೇಳಿದ್ದಿಲ್ಲ, ಬನ್ನಿ ಎಂದು ಅವಳು ಕರೆದದ್ದಿಲ್ಲ. ಅವರ ಸಂಸಾರದ ಮುಕ್ಕಾಲು ಮಾತು ಆ ಕೆಮ್ಮಿನಲ್ಲೇ ಮುಗಿಯುತ್ತಿತ್ತು.

ಕ್ಯಾಸಿನೊದಲ್ಲಿ ಅಂಕಿ ಬರೆದ ಜೂಜಿನ ಚಕ್ರವಿದ್ದ ಮೇಜಿನ ಹಿಂದೆ ರಾಜನೇ ನಿಂತಿದ್ದ. ಅವನ ಬೆನ್ನಿಗೆ ಕಪಾಟಿನ ತುಂಬ ಉಪ್ಪಿನಕಾಯಿ ಭರಣಿಗಳು. ಒಳಗೆ ಉಪ್ಪಿನಕಾಯಿಯಲ್ಲ, ಗೆದ್ದ ಸದ್ದುಗಳು. ರಾಜನಿಗೆ ಸದ್ದುಗಳ ಹುಚ್ಚು. ಒಬ್ಬ ತನ್ನ ಸೀನನ್ನೇ ಪಣಕ್ಕಿಟ್ಟು ಸೋತು, ಮೂಗೆತ್ತಿಕೊಂಡು ಮೂಲೆಯಲ್ಲಿ ಕಾಯುತ್ತಿದ್ದ. ಬರಬೇಕಾದ್ದು ಬರಲೊಲ್ಲದು.

"ದುಡ್ಡು ಬೇಡ. ನಿನ್ನ ಹತ್ತಿರ ಮಾತ್ರ ಇರುವಂಥದ್ದು ಇಡು" ಎಂದ ರಾಜ. ಅವನಿಗೆ ಕನ್ನಡ ಹೇಗೆ ಬರುತ್ತಿತ್ತು ಎಂದು ಕೇಳಬೇಡಿ. ಕತೆಯ ರಾಜರಿಗೆ ಎಲ್ಲ ಬರುತ್ತದೆ.

ಗುಡ್ಡಪ್ಪ ಕೊರಳಿನ ಟೇಪು ತೆಗೆದ.

"ಟೇಪು ಎಲ್ಲ ಟೇಲರುಗಳ ಹತ್ತಿರವೂ ಇರುತ್ತದೆ."

ಗುಡ್ಡಪ್ಪನಿಗೆ ನಾಚಿಕೆಯಾಯಿತು. ನಾಚಿಕೆಗೆ ಕೆಮ್ಮು ಬಂತು. ಎರಡು ಸಣ್ಣ, ಒಂದು ಉದ್ದ.

"ಅದು!" ಎಂದ ರಾಜ. "ಅದನ್ನಿಡು."

"ಇದು ಮನೀದ್ರಿ."

"ದಿಂಬೂ ಮನೆಯವಳಿಗೇ ಅಲ್ಲವೇ?"

ತರ್ಕ ಸರಿಯಾಗಿಯೇ ಇತ್ತು. ಅನಾಹುತಗಳೆಲ್ಲ ಸರಿಯಾದ ತರ್ಕದಿಂದಲೇ ಆಗುತ್ತವೆ. ಗುಡ್ಡಪ್ಪ ಕೆಮ್ಮನ್ನು ಇಟ್ಟ. ಮದುವೆಯಾಗಿ ಮೂವತ್ತೊಂದು ವರ್ಷ, ಅದಕ್ಕೆ ಮೂವತ್ತೊಂದು ಎಂದ. ಚಕ್ರ ಗರಗರ ತಿರುಗಿತು, ಸುಸ್ತಾಯಿತು, ನಿಂತಿತು.

"ಬೇಜಾರು ಮಾಡಿಕೊಳ್ಳಬೇಡಿ," ಎಂದಿತು ಚಕ್ರ. "ನನ್ನಲ್ಲಿ ಮೂವತ್ತರ ತನಕ ಮಾತ್ರ ಇದೆ. ಅಗ್ಗದ ಹೋಟೆಲು."

"ಮೊದಲ ಹೇಳಬಾರದಿತ್ತೇನು?"

"ಮೊದಲೇ ಕೇಳಬಾರದಿತ್ತೇ?"

ಗುಡ್ಡಪ್ಪ ಲಿಫ್ಟು ಹತ್ತಿ ಮೇಲೆ ಹೋದ. ಬಾಗಿಲ ಮುಂದೆ ನಿಂತ. ಕೆಮ್ಮಲು ನೋಡಿದ, ಬರೀ ಗಾಳಿ ಬಂತು. ಜನ್ಮದಲ್ಲಿ ಮೊದಲ ಸಲ ತನ್ನ ಬಾಗಿಲು ಬಡಿದ.

"ಯಾರ್ರಿ ಅದು?"

"ನಾನಾ."

"ಎಲ್ಲಾರೂ ನಾನಾ ಅಂತಾರ."

"ಗುಡ್ಡಪ್ಪ."

"ಆ ಹೆಸರು ಕೆಳಗ ರಿಜಿಸ್ಟರಿನ್ಯಾಗ ಬರದೈತಿ. ಯಾರ ಬೇಕಾದ್ರೂ ಓದಬಹುದು. ನಮ್ಮವರು ಬಾಗಲಿಗೆ ಕೆಮ್ಮದ ಬರೋವರಲ್ಲ."

ಬೆನ್ನಹಿಂದೆ ಚಪ್ಪಲಿ ಎಳೆಯುವ ಸದ್ದಾಯಿತು. ರಾಜ ಬಂದು ನಿಂತು ಎಲ್ಲ ಕೇಳಿಸಿಕೊಂಡಿದ್ದ. ಅವನ ಭರಣಿಗಳಲ್ಲಿ ಸಾವಿರ ಸದ್ದುಗಳಿದ್ದವು, ಬಾಗಿಲು ತೆಗೆಸುವ ಸದ್ದು ಒಂದೂ ಇರಲಿಲ್ಲ. ಗೆದ್ದ ಕೆಮ್ಮನ್ನು ಅವನು ಭರಣಿಗೆ ಹಾಕಿರಲೇ ಇಲ್ಲ, ತನ್ನ ಗಂಟಲಿಗೇ ಹಾಕಿಕೊಂಡಿದ್ದ.

"ಸ್ವಲ್ಪ ಸರಿಯಪ್ಪ" ಎಂದು ಗುಡ್ಡಪ್ಪನನ್ನು ಬದಿಗೆ ತಳ್ಳಿ ಕೆಮ್ಮಿದ. ಎರಡು ಸಣ್ಣ, ಒಂದು ಉದ್ದ.

ಚಿಲಕ ಸರಿಯಿತು. ನೀಲವ್ವ ಕಿರೀಟ ನೋಡಿದಳು, ಚಪ್ಪಲಿ ನೋಡಿದಳು. ಹಿಂದೆ ನಿಂತ ಗುಡ್ಡಪ್ಪನನ್ನೂ ಒಂದು ಗಳಿಗೆ ನೋಡಿದಳು.

"ಕೆಮ್ಮು ಹೌದು, ಮನುಷ್ಯಾ ಅಲ್ಲ," ಎಂದಳು. "ಆದ್ರ ಮಾತು ಅಂದ್ರ ಮಾತು. ಒಳಗ ಬರ್ರಿ."

ಬಾಗಿಲು ಮುಚ್ಚಿತು. ಕೆಮ್ಮು ಯಾರಲ್ಲಿದೆಯೋ ಅವನೇ ಆ ಮನೆಯವನು. ನಿಯಮ ಹಾಗಿತ್ತು. ಗುಡ್ಡಪ್ಪ ನೆಲಕ್ಕೆ ಕೂತು ಬಾಗಿಲಿಗೆ ಕಿವಿಯಿಟ್ಟ. ಮೂವತ್ತೊಂದು ವರ್ಷದಲ್ಲಿ ತೆರೆಯದ ಬಾಗಿಲನ್ನು ಅವನು ನೋಡಿಯೇ ಇರಲಿಲ್ಲ. ಕಂದು ಬಣ್ಣ, ಮೇಲೊಂದು ನಂಬರು, ಅಷ್ಟೇ.

ಒಳಗೆ ರಾಜ ಬಿಕ್ಕುತ್ತಿದ್ದ. "ನಾನು ಹೋಗುವ ಮೊದಲೇ ಎಲ್ಲ ಬಾಗಿಲುಗಳೂ ತೆರೆದಿರುತ್ತವೆ, ತಾಯಿ. ನನ್ನ ಸದ್ದು ಕೇಳಿ ಯಾರೂ ಎದ್ದು ಬಂದದ್ದಿಲ್ಲ. ಈ ಕೆಮ್ಮು ವಾಪಸು ಕೊಡಲಾರೆ. ಬೇಕಾದರೆ ಅರ್ಧ ರಾಜ್ಯ ಕೊಡುತ್ತೇನೆ."

"ಸೋರೋ ಅರ್ಧಾನೋ, ಸೋರದ ಅರ್ಧಾನೋ?"

"ಎರಡೂ ಸೋರುತ್ತವೆ."

"ನೀವ ಇಟ್ಕೊಳ್ರಿ. ಕೆಮ್ಮು ಭಾಳ ಒಣಗೈತಿ, ಕಷಾಯ ಮಾಡಿಕೊಡ್ತೀನಿ."

ಊರಿಂದ ತಂದ ಚೀಲ ಬಿಚ್ಚಿದ ಸದ್ದು. "ನನಗೆ ಚಹಾ ಮಾತ್ರ ಗೊತ್ತು" ಎಂದಿತು ಹೋಟೆಲಿನ ಕೆಟಲ್ಲು. "ಕಲ್ತ್ಕೊ" ಎಂದಳು ನೀಲವ್ವ. ಆಮೇಲೆ ಕುಟ್‌ ಕುಟ್‌ ಎಂದು ಮೆಣಸು ಕುಟ್ಟುವ ಸದ್ದು.

ಗುಡ್ಡಪ್ಪನ ಕಿವಿ ನೆಟ್ಟಗಾಯಿತು. ಮೂವತ್ತೊಂದು ವರ್ಷ ಅವಳ ಕೈಯ ಕಷಾಯ ಕುಡಿದಿದ್ದ. ಮೆಣಸು ಕುಟ್ಟಿದ ಸದ್ದು ಒಂದು ದಿನವೂ ಕೇಳಿರಲಿಲ್ಲ. ಅವನ ಕಷಾಯ ಸದ್ದಿಲ್ಲದೆ ಆಗುತ್ತಿತ್ತು. ಬೆಲ್ಲ, ಬಿಸಿನೀರು. ಕೆಮ್ಮು ಯಾಕೆ ಹೋಗಲಿಲ್ಲ ಎಂದು ಮೂರು ಡಾಕ್ಟರುಗಳಿಗೆ ತಿಳಿಯದ್ದು ಅವನಿಗೆ ಆ ಬಾಗಿಲ ಹೊರಗೆ ತಿಳಿಯಿತು. ಕಣ್ಣು ಒರೆಸಿಕೊಂಡ. ಮೆಣಸಿನ ಘಾಟು ಇರಬೇಕು.

ಒಳಗೆ ರಾಜ ಒಂದೇ ಗುಟುಕಿಗೆ ಕಿರುಚಿದ. ಅಂಥ ಖಾರದ ಗಂಟಲಿನಲ್ಲಿ ಯಾವ ಕೆಮ್ಮು ನಿಂತೀತು? ಅದು ಎದ್ದುಬಿದ್ದು ಬಾಗಿಲ ಸಂದಿಯಿಂದ ಹೊರಗೆ ನುಸುಳಿತು. ಆಚೆ ನೋಡಿತು, ಈಚೆ ನೋಡಿತು. ನೆಲದ ಮೇಲೆ ಗುರುತಿನ ಮನುಷ್ಯ ಕೂತಿದ್ದ. ಅವನ ಗಂಟಲು ಹತ್ತಿ ತನ್ನ ಹಳೇ ಜಾಗದಲ್ಲಿ ಕೂತಿತು.

ಎರಡು ಸಣ್ಣ, ಒಂದು ಉದ್ದ.

ಚಿಲಕ ಸರಿಯಿತು.

"ಬಂದ್ರಿ? ಎಷ್ಟೊತ್ತು ಮಾಡಿದ್ರಿ!"

"ದಿಂಬು ಸಿಗಲಿಲ್ಲ."

"ಕಾಲು ತೊಳ್ಕೊಂಡು ಬರ್ರಿ."

ರಾಜ ನಾಲಿಗೆ ಹೊರಹಾಕಿ ಕೇಳಿದ, "ನನ್ನ ಗತಿ?"

"ನಿಮ್ಮ ಬಾಗಲಾ ಒಂದ್ಸಲ ಮುಚ್ಚಸ್ರಿ. ಒಳಗ ಯಾರರ ಒಬ್ರು ಕಾಯೋ ಹಂಗ ಬದುಕ್ರಿ. ಕೆಮ್ಮು ತಾನ ಬರತೈತಿ."

ರಾಜ ಮೆಟ್ಟಿಲಿಳಿದು ಹೋಗಿ ಭರಣಿಗಳ ಮುಚ್ಚಳ ತೆಗೆದ. ಕೆಳಗೆ ಯಾರೋ ಕಟ್ಟಡ ಅದುರುವಂತೆ ಸೀನಿದರು. ಸ್ವಲ್ಪ ಹೊತ್ತಿಗೆ ಎರಡನೇ ದಿಂಬು ಬಂತು. ಹೊತ್ತೆಷ್ಟು ಎಂದು ಕೇಳಬೇಡಿ, ಹತ್ತೂವರೆ. ಆ ದಿಂಬಿನ ಮೇಲೆ ಊರಿನ ಚೀಲ ಮಲಗಿತು. ಒಂದೇ ದಿಂಬಿನ ಮೇಲೆ ಇವರಿಬ್ಬರು ಮಲಗಿದರು.

ನೀತಿ ಬೇಕೇಬೇಕು ಎನ್ನುವವರಿಗೆ: ಕಷಾಯಕ್ಕೆ ಮೆಣಸು ಎಷ್ಟು ಹಾಕಿದೆ ಎಂದು ಹೆಂಡತಿಯನ್ನು ಕೇಳಬೇಡಿ. ಕತೆ ಲಿಫ್ಟು ಹತ್ತಿ ಮೇಲೆ ಹೋಯಿತು, ನಾವು ಮೆಟ್ಟಿಲಿಳಿದು ಮನೆಗೆ ಬಂದೆವು.